ಹೊಡೆದವನೇ ತರಬೇಕು

ಗಲ್ಲಿಯ ಚೆಂಡಾಟಕ್ಕೆ ಬರೆದಿಟ್ಟ ನಿಯಮಾವಳಿ ಇಲ್ಲ. ಆದರೂ ಕರ್ನಾಟಕದ ಯಾವ ಊರಿಗೆ ಹೋದರೂ ಅದರ ಕಟ್ಟಳೆಗಳು ಹೆಚ್ಚುಕಡಿಮೆ ಒಂದೇ. ಒಂದು ಪಿಚ್ ಬಿದ್ದು ಎದ್ದ ಚೆಂಡನ್ನು ಒಂಟಿ ಕೈಯಲ್ಲಿ ಹಿಡಿದರೆ ಔಟು. ನೆಲ ಮುಟ್ಟದೆ ಕಾಂಪೌಂಡು ದಾಟಿದರೆ ಆರು ರನ್ ಸಿಗುವುದಿಲ್ಲ, ಅದೂ ಔಟು. ಆಡುವವರ ಸಂಖ್ಯೆ ಬೆಸವಾದರೆ ಒಬ್ಬ ಎರಡೂ ತಂಡಗಳ ಪರವಾಗಿ ಬ್ಯಾಟು ಹಿಡಿಯುತ್ತಾನೆ. ಅಣ್ಣನ ಹಿಂದೆ ಅಳುತ್ತಾ ಬಂದ ಪುಟ್ಟ ತಮ್ಮನನ್ನು ಬಿಡುವಂತಿಲ್ಲ, ಅವನು ಆಟಕ್ಕುಂಟು ಲೆಕ್ಕಕ್ಕಿಲ್ಲ. ಇವೆಲ್ಲದರ ಜೊತೆಗೆ ಯಾರೂ ಚರ್ಚಿಸದೆ ಒಪ್ಪಿಕೊಂಡ ಇನ್ನೊಂದು ಕಟ್ಟಳೆಯಿದೆ. ಚೆಂಡು ಯಾರದಾದರೂ ಮನೆಯೊಳಗೆ ಹೋಗಿ ಬಿದ್ದರೆ ಹೊಡೆದವನೇ ತರಬೇಕು.

ಈ ಕಡೆಯ ಕಟ್ಟಳೆಯಿಂದಾಗಿಯೇ ನಮ್ಮಲ್ಲಿ ಎಷ್ಟೋ ಮಂದಿ ನೆರೆಮನೆಯ ಗೇಟು ತೆರೆದಿದ್ದೇವೆ. ಅಲ್ಲಿ ತುಳಸಿಕಟ್ಟೆಯ ಮುಂದೆ ಹಚ್ಚಿಟ್ಟ ದೀಪವನ್ನೋ, ಹಗ್ಗದ ಮೇಲೆ ಒಣಗಲು ಹಾಕಿದ ಜಾನಮಾಝನ್ನೋ, ಗೋಡೆಯ ಮೇಲಿನ ಶಿಲುಬೆಯನ್ನೋ ಕಂಡಿದ್ದೇವೆ. ಇನ್ನೊಬ್ಬರ ದೇವರು ನಮಗೆ ಮೊದಲು ಗೋಚರಿಸಿದ್ದು ಧರ್ಮಗ್ರಂಥಗಳ ಮೂಲಕವಲ್ಲ. ಮೈಯೆಲ್ಲ ಬೆವರಿಟ್ಟು, ಬೈಗುಳದ ಭಯದಲ್ಲಿ, ಹೂಕುಂಡಗಳ ಮಧ್ಯೆ ಚೆಂಡು ಹುಡುಕುತ್ತಾ ನಿಂತಾಗ. ಚೆಂಡು ಸಿಕ್ಕಿದ ಮೇಲೂ ಕಾಲು ಒಂದು ಕ್ಷಣ ಹೊರಡದೆ ನಿಲ್ಲುತ್ತದಲ್ಲ, 'ಇವರು ಯಾಕೆ ಹೀಗೆ ಮಾಡುತ್ತಾರೆ' ಎಂಬ ಪ್ರಶ್ನೆ ಹುಟ್ಟುತ್ತದಲ್ಲ, ಆ ಒಂದು ಕ್ಷಣದ ಬೆಲೆಯೇನು ಎಂಬುದು ನಮ್ಮ ಪ್ರಶ್ನೆ. ಅದು ವಿಶ್ವಾಸದ ದೌರ್ಬಲ್ಯವೇ? ಮಗುವನ್ನು ಅಲ್ಲಿಂದ ಎಳೆದು ತರಬೇಕೇ? ಅಥವಾ ಅದು ಮನುಷ್ಯನ ಧಾರ್ಮಿಕ ಬದುಕಿನ ಒಂದು ನ್ಯಾಯವಾದ ಆರಂಭವೇ?

ಈ ಪ್ರಶ್ನೆಯನ್ನು ಗಾಳಿಯಲ್ಲಿ ಚರ್ಚಿಸುವುದಕ್ಕಿಂತ ಒಂದು ಸ್ಥಳವನ್ನು ಮುಂದಿಟ್ಟುಕೊಳ್ಳುವುದು ಒಳ್ಳೆಯದು. ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆಯಿಂದ ಊಟಿ ರಸ್ತೆ ಹಿಡಿದು, ಹಂಗಳದ ಬಳಿ ತಿರುಗಿದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ ಎದುರಾಗುತ್ತದೆ. ಎತ್ತರ 1454 ಮೀಟರ್. ಬಂಡೀಪುರ ಹುಲಿ ರಕ್ಷಿತಾರಣ್ಯದೊಳಗಿನ ಬೆಟ್ಟವಾದ್ದರಿಂದ ಖಾಸಗಿ ವಾಹನಗಳನ್ನು ಬುಡದಲ್ಲೇ ನಿಲ್ಲಿಸಿ ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಮೇಲೆ ಹೋಗಬೇಕು. ಹೆಸರಿಗೆ ತಕ್ಕಂತೆ ಮಂಜು ಕವಿದಿರುವ ನೆತ್ತಿಯ ಮೇಲೆ ದೇವಸ್ಥಾನ. ಹೊಯ್ಸಳ ಬಲ್ಲಾಳನ ಕಾಲದಲ್ಲಿ, 1315ರ ಸುಮಾರಿಗೆ ಕಟ್ಟಿದ್ದೆಂದು ಹೇಳುತ್ತಾರೆ. ಒಳಗಿರುವುದು ಕೊಳಲೂದುವ ಗೋಪಾಲ. ಅವನ ಸುತ್ತ ಗೋವುಗಳು, ದನ ಕಾಯುವ ಹುಡುಗರು. ಸಿಂಹಾಸನದ ಮೇಲಿನ ದೇವರಂತೆ ಇವನು ಒಂಟಿಯಲ್ಲ, ಓರಗೆಯ ಗೆಳೆಯರ ನಡುವೆ ನಿಂತವನು.

ಬೆಟ್ಟದ ಮೇಲಿನ ಹಂಸತೀರ್ಥದ ಬಗ್ಗೆ ಒಂದು ಕಥೆಯಿದೆ. ಅದರಲ್ಲಿ ಮಿಂದ ಕಾಗೆಯೊಂದು ಹಂಸವಾಯಿತಂತೆ, ಅಂದಿನಿಂದ ಅಲ್ಲಿ ಕಾಗೆಗಳೇ ಇಲ್ಲವಂತೆ. ಈ ಕಥೆ ಕೇಳಿದ ದೊಡ್ಡವರು ಕೈಮುಗಿಯುತ್ತಾರೆ ಅಥವಾ ನಕ್ಕು ಸುಮ್ಮನಾಗುತ್ತಾರೆ. ಮಗುವಾದರೆ ಮೊದಲು ತಲೆಯೆತ್ತಿ ಕಾಗೆ ಹುಡುಕುತ್ತದೆ. ಗರ್ಭಗುಡಿಯಲ್ಲಿ ಜಿನುಗುವ ನೀರನ್ನು ಭಕ್ತರು ತೀರ್ಥವೆಂದು ಸ್ವೀಕರಿಸಿದರೆ, ಅದು ಮಂಜಿನಿಂದ ಬಂದದ್ದೋ ದೇವರಿಂದ ಬಂದದ್ದೋ ಎಂದು ಮಗು ಕೇಳುತ್ತದೆ. ಹೀಗೆ ಕೇಳುವ ಮಗು ನಾಸ್ತಿಕವೂ ಅಲ್ಲ, ಭಕ್ತನೂ ಅಲ್ಲ. ಅದಕ್ಕೆ ಬೇಕಾಗಿರುವುದು ಉತ್ತರ ಮಾತ್ರ.

ಹುಲಿ, ಆನೆಗಳ ಆ ಕಾಡಿನಲ್ಲಿ ಚೆಂಡಾಟಕ್ಕೆ ಅವಕಾಶವಿಲ್ಲ ಎನ್ನಿ. ಆಟವೆಲ್ಲ ಬುಡದ ಊರುಗಳಲ್ಲಿ. ಗುಂಡ್ಲುಪೇಟೆ ತಾಲ್ಲೂಕು ಹೂವಿನ ಬೆಳೆಗೆ ಹೆಸರಾದದ್ದು. ಮಳೆಗಾಲದಲ್ಲಿ ರಸ್ತೆಯ ಇಕ್ಕೆಲಗಳಲ್ಲೂ ಸೂರ್ಯಕಾಂತಿ ಮತ್ತು ಚೆಂಡುಹೂ. ಬಣ್ಣ ತೆಗೆಯುವ ಕಾರ್ಖಾನೆಗಳಿಗೆಂದು ಬೆಳೆದ ಆ ಚೆಂಡುಹೂವಿನ ಹೊಲಗಳಲ್ಲಿ ನಿಂತು ಕೇರಳದ ಪ್ರವಾಸಿಗರು ಫೋಟೋ ತೆಗೆಸಿಕೊಳ್ಳುತ್ತಾರೆ. ಹೂವಿಗೆ ಕೂಡ ಚೆಂಡಿನ ಹೆಸರಿಟ್ಟ ಭಾಷೆ ನಮ್ಮದು. ಬೆಳೆ ಮುಗಿದು ಖಾಲಿ ಬಿದ್ದ ಹೊಲ ಎಲ್ಲ ಊರುಗಳಲ್ಲೂ ಮಕ್ಕಳ ಮೈದಾನವೇ. ಹಿಂದೆ ಏಳು ಕಲ್ಲು ಪೇರಿಸಿ ಆಡುವ ಲಗೋರಿ ಹೆಚ್ಚಿತ್ತು, ಈಗ ಕ್ರಿಕೆಟ್ಟು. ಲಗೋರಿಯಲ್ಲಿ ಹುಡುಗಿಯರೂ ಇದ್ದರು ಎಂಬುದನ್ನು ಇಲ್ಲಿ ನೆನೆಯಬೇಕು. ಈಗ ಅಂಗಳಕ್ಕೆ ಬಿದ್ದ ಚೆಂಡನ್ನು ಎತ್ತಿ ಎಸೆಯುವ ಹುಡುಗಿಗೆ ಆಟಕ್ಕೆ ಕರೆ ಬರುವುದು ಅಪರೂಪ. ಗೇಟು ತೆರೆದು ಹೊರಗೆ ಹೋಗುವ ಅವಕಾಶ ಇಲ್ಲದವಳ ಕುತೂಹಲ ಎಲ್ಲಿ ಅಡಗುತ್ತದೆ ಎಂಬುದು ಬೇರೆಯೇ ಒಂದು ಲೇಖನಕ್ಕೆ ವಸ್ತು.

ಮತ್ತೆ ಗೋಪಾಲನ ವಿಷಯಕ್ಕೆ ಬರೋಣ. ಕೃಷ್ಣ ಕಾಳಿಂಗನ ಮಡುವಿಗೆ ಧುಮುಕಿದ್ದು ಯಾಕೆ? ಭಾಗವತದ ಪ್ರಕಾರ, ವಿಷದ ನೀರು ಕುಡಿದು ಗೋವುಗಳೂ ಗೋಪಾಲಕರೂ ಬಿದ್ದದ್ದನ್ನು ಕಂಡು. ಆದರೆ ಜನರ ಬಾಯಲ್ಲಿ ಬಂದಿರುವ ಕಥೆ ಬೇರೆ. ಗೆಳೆಯರೊಂದಿಗೆ ಚೆಂಡಾಡುತ್ತಿದ್ದಾಗ ಚೆಂಡು ಮಡುವಿಗೆ ಬಿತ್ತು, ತರಲು ಕೃಷ್ಣ ಇಳಿದ. ಪುರಾಣದಲ್ಲಿ ಇಲ್ಲದ ಚೆಂಡನ್ನು ಜನ ತಂದು ಸೇರಿಸಿದ್ದಾರೆ. ಯಾಕೆಂದರೆ ಮಗುವೊಂದು ಹೋಗಬಾರದ ನೀರಿಗೆ ಹೇಗೆ ಹೋಗುತ್ತದೆಂದು ಮಕ್ಕಳನ್ನು ಸಾಕಿದವರಿಗೆ ಗೊತ್ತು. ಮಹಾಭಾರತದಲ್ಲೂ ಹಾಗೆಯೇ. ನಮ್ಮ ಮನೆಗಳಲ್ಲಿ ಹೇಳುವ ಕಥೆಯಲ್ಲಿ ರಾಜಕುಮಾರರ ಚೆಂಡು ಬಾವಿಗೆ ಬೀಳುತ್ತದೆ, ದರ್ಭೆಯ ಕಡ್ಡಿಗಳಿಂದ ಅದನ್ನು ಎತ್ತಿಕೊಟ್ಟ ಬಡ ಬ್ರಾಹ್ಮಣ ದ್ರೋಣ ಮುಂದೆ ಅವರ ಗುರುವಾಗುತ್ತಾನೆ. ಒಂದು ಕಡೆ ಚೆಂಡಿನ ಹಿಂದೆ ಹೋದಾಗ ಹಾವು ಸಿಕ್ಕಿತು, ಇನ್ನೊಂದು ಕಡೆ ಗುರು ಸಿಕ್ಕಿದ. ಮೊದಲೇ ಯಾವುದು ಸಿಗುತ್ತದೆಂದು ತಿಳಿಯುವಂತಿಲ್ಲ.

ಆಟವಾಡುವ ದೇವರು ಎಂಬ ಕಲ್ಪನೆಯ ಎದುರು ಮುಸ್ಲಿಂ ಓದುಗನೊಬ್ಬ ನಿಂತಾಗ ನಿಜವಾದ ತೊಡಕೊಂದು ಎದುರಾಗುತ್ತದೆ. ಅದನ್ನು ಸೌಹಾರ್ದದ ಹೆಸರಿನಲ್ಲಿ ಮುಚ್ಚಿಡುವುದು ನಮಗೆ ಸರಿಕಾಣುವುದಿಲ್ಲ. ಕುರ್‌ಆನ್ ಎರಡು ಕಡೆ, 21ನೇ ಮತ್ತು 44ನೇ ಅಧ್ಯಾಯಗಳಲ್ಲಿ, ಆಕಾಶಗಳನ್ನೂ ಭೂಮಿಯನ್ನೂ ಆಟಕ್ಕಾಗಿ ಸೃಷ್ಟಿಸಿಲ್ಲವೆಂದು ಸ್ಪಷ್ಟವಾಗಿ ಹೇಳುತ್ತದೆ. ಬ್ರಹ್ಮಸೂತ್ರವಾದರೋ ಸೃಷ್ಟಿಯನ್ನು ಲೀಲೆಯೆಂದು ಕರೆಯುತ್ತದೆ. ಒಂದು ಆಟವಲ್ಲ ಎನ್ನುತ್ತದೆ, ಇನ್ನೊಂದು ಆಟವೇ ಎನ್ನುತ್ತದೆ. ಎಲ್ಲ ಧರ್ಮಗಳೂ ಒಂದನ್ನೇ ಹೇಳುತ್ತವೆ ಎಂದು ವೇದಿಕೆಯ ಮೇಲೆ ಭಾಷಣ ಮಾಡುವವರು ಈ ಎರಡು ವಾಕ್ಯಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು.

ಆದರೆ ಇಲ್ಲಿಗೇ ನಿಲ್ಲಿಸಿದರೂ ಅವಸರವಾಗುತ್ತದೆ. ಲೀಲೆ ಎಂದರೇನೆಂದು ಶಂಕರರು ವಿವರಿಸುವಾಗ, ಎಲ್ಲ ಆಸೆಗಳೂ ಈಡೇರಿದ ಅರಸನೊಬ್ಬ ಪಡೆಯಬೇಕಾದದ್ದು ಏನೂ ಇಲ್ಲದಿದ್ದರೂ ವಿಹರಿಸುವ ಉದಾಹರಣೆ ಕೊಡುತ್ತಾರೆ. ಉಸಿರಾಟದ ಉದಾಹರಣೆಯನ್ನೂ ಕೊಡುತ್ತಾರೆ. ಅಂದರೆ ಅವರ ಮಾತಿನ ಒತ್ತು, ಪರಮಾತ್ಮನಿಗೆ ಯಾವ ಕೊರತೆಯೂ ಇಲ್ಲ, ಏನನ್ನೋ ಗಳಿಸಲೆಂದು ಅವನು ಸೃಷ್ಟಿಸಲಿಲ್ಲ ಎಂಬುದರ ಮೇಲೆ. ಅಲ್ಲಾಹನು 'ಗನಿಯ್ಯ್', ಲೋಕಗಳ ಅಗತ್ಯವಿಲ್ಲದವನು ಎಂದು ಕುರ್‌ಆನ್ ಕೂಡ ಹೇಳುತ್ತದೆ. ಅದು ನಿರಾಕರಿಸುವುದು ವ್ಯರ್ಥವಾದ, ಉದ್ದೇಶವಿಲ್ಲದ, ಲೆಕ್ಕ ಕೇಳುವವರಿಲ್ಲದ ಆಟವನ್ನು. ಸೃಷ್ಟಿಯಾದದ್ದು 'ಹಕ್ಕ್', ಸತ್ಯ ಮತ್ತು ನ್ಯಾಯದೊಂದಿಗೆ. ಆದ್ದರಿಂದ ಲೆಕ್ಕ ಕೊಡಬೇಕಾದ ದಿನವೊಂದಿದೆ ಎಂಬುದು ಅದರ ನಿಲುವು. ಹಾಗಾಗಿ ದೇವರಿಗೆ ಕೊರತೆಯಿಲ್ಲ ಎಂಬಲ್ಲಿ ಇಬ್ಬರೂ ಹತ್ತಿರ ಬರುತ್ತಾರೆ. ಜಗತ್ತಿಗೆ ಗುರಿಯೊಂದಿದೆಯೇ ಎಂಬಲ್ಲಿ ದೂರವಾಗುತ್ತಾರೆ. ಆ ದೂರ ಉಳಿದೇ ಉಳಿಯುತ್ತದೆ. ಅದನ್ನು ಅಳೆದು ನೋಡಿದವನು ತನ್ನ ಗ್ರಂಥವನ್ನೂ ಮೊದಲಿಗಿಂತ ಚೆನ್ನಾಗಿ ಅರಿಯುತ್ತಾನೆ. ನೆರೆಯವನ ಲೀಲೆಯ ಮಾತನ್ನು ಕೇಳದಿದ್ದರೆ, ಕುರ್‌ಆನ್ 'ಆಟವಲ್ಲ' ಎಂದಾಗ ಯಾವ ಆಟವನ್ನು ನಿರಾಕರಿಸಿತು ಎಂದು ವಿಚಾರಿಸುವ ಗೋಜಿಗೆ ನಮ್ಮಲ್ಲಿ ಬಹಳಷ್ಟು ಮಂದಿ ಹೋಗುತ್ತಿರಲಿಲ್ಲ.

ಮನುಷ್ಯರ ಆಟದ ಬಗ್ಗೆ ನಮ್ಮ ಪರಂಪರೆ ಬಿಗಿಯಾಗಿಯೇನೂ ಇರಲಿಲ್ಲ. ಅಬಿಸೀನಿಯದವರು ಮಸೀದಿಯಲ್ಲಿ ಭರ್ಜಿಗಳೊಂದಿಗೆ ಆಡುತ್ತಿದ್ದಾಗ ಹಝ್ರತ್ ಉಮರ್(ರ) ತಡೆಯಲು ಮುಂದಾದರೆಂದೂ, ಪ್ರವಾದಿ(ಸ)ಯವರು ಅವರನ್ನು ಬಿಟ್ಟುಬಿಡಲು ಹೇಳಿದರೆಂದೂ ಬುಖಾರಿ, ಮುಸ್ಲಿಮ್ ಎರಡರಲ್ಲೂ ವರದಿಯಾಗಿದೆ. ಇಮಾಮ್ ಗಝಾಲಿ (1058-1111) 'ಇಹ್ಯಾ'ದಲ್ಲಿ ಮಕ್ಕಳ ಶಿಕ್ಷಣದ ಬಗ್ಗೆ ಬರೆಯುತ್ತಾ, ಪಾಠ ಮುಗಿಸಿದ ಮಗುವಿಗೆ ಆಡಲು ಬಿಡಬೇಕು, ಆಟ ತಡೆದು ಸದಾ ಓದಿಗೆ ಹಚ್ಚಿದರೆ ಅದರ ಹೃದಯ ಸಾಯುತ್ತದೆ, ಬುದ್ಧಿ ಮಂಕಾಗುತ್ತದೆ ಎಂದು ಎಚ್ಚರಿಸುತ್ತಾರೆ. ಬೆಳಿಗ್ಗೆ ಮದ್ರಸ, ಹಗಲು ಶಾಲೆ, ಸಂಜೆ ಟ್ಯೂಷನ್ ಎಂದು ಮಕ್ಕಳನ್ನು ಓಡಿಸುವ ನಮ್ಮ ತಂದೆತಾಯಂದಿರು ಓದಬೇಕಾದ ಪುಟ ಅದು.

ಅದೇ ಗಝಾಲಿ ತಮ್ಮ ಆತ್ಮಕಥನದಲ್ಲಿ ಇನ್ನೊಂದು ವಿಷಯವನ್ನೂ ಹೇಳಿಕೊಂಡಿದ್ದಾರೆ. ಕ್ರೈಸ್ತರ ಮಕ್ಕಳು ಕ್ರೈಸ್ತರಾಗಿಯೇ, ಯಹೂದಿಗಳ ಮಕ್ಕಳು ಯಹೂದಿಗಳಾಗಿಯೇ, ಮುಸ್ಲಿಮರ ಮಕ್ಕಳು ಮುಸ್ಲಿಮರಾಗಿಯೇ ಬೆಳೆಯುವುದನ್ನು ಅವರು ಎಳೆಯ ವಯಸ್ಸಿನಲ್ಲೇ ಗಮನಿಸಿದರು. ಹಾಗಾದರೆ ಕೇವಲ ಹುಟ್ಟಿನಿಂದ ಬಂದದ್ದು ಯಾವುದು, ಸತ್ಯವಾಗಿ ನನ್ನದು ಯಾವುದು ಎಂಬ ಪ್ರಶ್ನೆ ಅವರನ್ನು ಬಿಡದೆ ಕಾಡಿತು. ಇಸ್ಲಾಮೀ ಚಿಂತನೆಯ ಇಷ್ಟು ದೊಡ್ಡ ವಿದ್ವಾಂಸರ ಹುಡುಕಾಟದ ಹಿಂದೆ, ನೆರೆಯವರ ಮಕ್ಕಳನ್ನು ಕಂಡಾಗ ಹುಟ್ಟಿದ ಕುತೂಹಲವಿದೆ. ಅದರಿಂದ ಅವರ ವಿಶ್ವಾಸ ಕೆಡಲಿಲ್ಲ. ಪ್ರವಾದಿ ಇಬ್ರಾಹೀಮ್(ಅ)ರು ನಕ್ಷತ್ರವನ್ನೂ ಚಂದ್ರನನ್ನೂ ಸೂರ್ಯನನ್ನೂ ಒಂದಾದ ಮೇಲೊಂದರಂತೆ ನೋಡಿ, ಅವು ಮುಳುಗುವುದನ್ನು ಕಂಡು ಮುಂದೆ ಹೋದವರು. ಸತ್ತವರನ್ನು ಹೇಗೆ ಬದುಕಿಸುವೆ, ತೋರಿಸು ಎಂದು ಅಲ್ಲಾಹನನ್ನೇ ಕೇಳಿದವರು. ನಿನಗೆ ವಿಶ್ವಾಸವಿಲ್ಲವೇ ಎಂದು ಮರುಪ್ರಶ್ನೆ ಬಂದಾಗ, ಇದೆ, ಆದರೆ ಹೃದಯಕ್ಕೆ ಸಮಾಧಾನ ಬೇಕು ಎಂದವರು. ಅವರಿಗೆ ಗದರಿಕೆ ಸಿಗಲಿಲ್ಲ, ಉತ್ತರ ಸಿಕ್ಕಿತು.

ಇಷ್ಟಾದರೂ ತಂದೆತಾಯಿಯರ ಭಯವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಎರಡೂ ಕಡೆ ಆ ಭಯ ಇದೆ. ಬೆಟ್ಟದ ಮೇಲೆ ಹೋದ ಹುಡುಗ ಕುಂಕುಮ ಹಚ್ಚಿಸಿಕೊಂಡು ಬಂದರೆ, ದರ್ಗಾಕ್ಕೆ ಹೋದ ಹುಡುಗ ತಲೆಗೆ ಕರವಸ್ತ್ರ ಕಟ್ಟಿಕೊಂಡು ಬಂದರೆ ಮನೆಯಲ್ಲಿ ಒಂದು ಕ್ಷಣ ಮೌನ ಆವರಿಸುತ್ತದೆ. ಮಗ ಕೈತಪ್ಪಿದನೇ ಎಂಬ ಆತಂಕ. ಸೂರಃ ಯೂಸುಫ್‌ನಲ್ಲಿ ಬರುವ ತಂದೆಗೂ ಇಂಥದೇ ಆತಂಕ. ನಾಳೆ ಯೂಸುಫ್‌ನನ್ನು ನಮ್ಮೊಡನೆ ಕಳಿಸು, ತಿಂದು ಆಡಿಕೊಂಡು ಬರಲಿ ಎಂದು ಅಣ್ಣಂದಿರು ಕೇಳಿದಾಗ, ತೋಳ ತಿಂದೀತೆಂಬ ಅಂಜಿಕೆಯನ್ನು ಯಅ್‌ಕೂಬ್(ಅ)ರು ಮುಂದಿಡುತ್ತಾರೆ. ಕೊನೆಗೆ ಆದದ್ದೇನು? ತೋಳ ಬರಲೇ ಇಲ್ಲ. ಆಟದಿಂದಲೂ ಕೇಡಾಗಲಿಲ್ಲ. ಬಾವಿಗೆ ತಳ್ಳಿದವರು ಆಟದ ನೆಪ ಹೇಳಿ ಕರೆದುಕೊಂಡು ಹೋದ ದೊಡ್ಡವರು, ಅದೂ ಸ್ವಂತ ಮನೆಯವರು. ಅಸೂಯೆ ಅವರ ಕೈಯಿಂದ ಆ ಕೆಲಸ ಮಾಡಿಸಿತು.

ದೊಡ್ಡವರು ಆಟವನ್ನು ತಮ್ಮ ಲೆಕ್ಕಕ್ಕೆ ಬಳಸಿಕೊಂಡದ್ದಕ್ಕೆ ಕ್ರಿಕೆಟ್ಟಿನ ಚರಿತ್ರೆಯಲ್ಲೇ ದೊಡ್ಡ ಉದಾಹರಣೆಯಿದೆ. ಮುಂಬಯಿಯಲ್ಲಿ 1912ರಿಂದ ಯೂರೋಪಿಯನ್ನರು, ಪಾರ್ಸಿಗಳು, ಹಿಂದೂಗಳು, ಮುಸ್ಲಿಮರು ಎಂದು ಧರ್ಮದ ಹೆಸರಿನ ನಾಲ್ಕು ತಂಡಗಳ ಪಂದ್ಯಾವಳಿ ನಡೆಯಿತು. 1937ರಲ್ಲಿ ಉಳಿದವರೆಲ್ಲ ಸೇರಿದ ಐದನೆಯ ತಂಡವೂ ಬಂತು. 1940ರಲ್ಲಿ ಗಾಂಧೀಜಿ ಇದನ್ನು ವಿರೋಧಿಸಿದರು. 1946ರ ಹೊತ್ತಿಗೆ ಅದು ನಿಂತಿತು. ಈ ಪಂದ್ಯಗಳಲ್ಲಿ ಹಿಂದೂ ತಂಡಕ್ಕೆ ಗೆಲುವು ತಂದುಕೊಟ್ಟ ಎಡಗೈ ಸ್ಪಿನ್ನರ್ ಪಲ್ವಂಕರ್ ಬಾಲೂ ನಮ್ಮ ಧಾರವಾಡದಲ್ಲಿ ಹುಟ್ಟಿದವರು, ಚಮ್ಮಾರ ಜಾತಿಯವರು. ಪುಣೆಯಲ್ಲಿ ಆಡುವಾಗ ಅವರ ಕೈ ಮುಟ್ಟಿದ ಚೆಂಡನ್ನು ಮೇಲ್ಜಾತಿಯ ಆಟಗಾರರು ಹಿಂಜರಿಕೆಯಿಲ್ಲದೆ ಮುಟ್ಟುತ್ತಿದ್ದರು. ಚಹದ ವಿರಾಮದಲ್ಲಿ ಮಾತ್ರ ಅವರಿಗೆ ಪೆವಿಲಿಯನ್ನಿನ ಹೊರಗೆ, ಬೇರೆ ಮಣ್ಣಿನ ಕುಡಿಕೆಯಲ್ಲಿ ಚಹ. 1911ರಲ್ಲಿ ಇಂಗ್ಲೆಂಡ್ ಪ್ರವಾಸ ಮಾಡಿ ನೂರಕ್ಕೂ ಹೆಚ್ಚು ವಿಕೆಟ್ ಪಡೆದವರಿಗೆ ಹಿಂದೂ ತಂಡದ ನಾಯಕತ್ವ ಕೊನೆಯವರೆಗೂ ಸಿಗಲಿಲ್ಲ. 1923ರಲ್ಲಿ ಅದು ಅವರ ತಮ್ಮ ವಿಠ್ಠಲರಿಗೆ ದೊರೆಯಿತು. ಆಟವೊಂದಿದ್ದರೆ ಸಾಕು, ಭೇದಗಳೆಲ್ಲ ತಾವಾಗಿ ಅಳಿಯುತ್ತವೆ ಎನ್ನುವವರಿಗೆ ಆ ಮಣ್ಣಿನ ಕುಡಿಕೆಯನ್ನು ತೋರಿಸಬೇಕು. ಚೆಂಡು ದಾಟಿದ ಗೆರೆಯನ್ನು ಬಟ್ಟಲು ದಾಟಲಿಲ್ಲ.

ಈಚಿನದನ್ನೂ ಹೇಳಬೇಕು. ಜಾತ್ರೆಯಲ್ಲಿ ಬಳೆ, ಬಲೂನು, ರಬ್ಬರ್ ಚೆಂಡು ಮಾರುವವರಲ್ಲಿ ಮುಸ್ಲಿಮರು ಬಹಳ ಹಿಂದಿನಿಂದ ಇದ್ದಾರೆ. ದೇವರ ತೇರು ನೋಡಲು ಬಂದ ಮಗು ಸಾಬರ ಅಂಗಡಿಯಲ್ಲಿ ಕೊಂಡ ಚೆಂಡಿನಲ್ಲಿ ವರ್ಷವಿಡೀ ಆಡುತ್ತಿತ್ತು. 2022ರ ಮಾರ್ಚಿನಲ್ಲಿ ಕರಾವಳಿಯ ಕೆಲವು ದೇವಸ್ಥಾನಗಳ ಜಾತ್ರೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಜಾಗವಿಲ್ಲವೆಂಬ ಫಲಕಗಳು ಎದ್ದವು. ಅದರಿಂದ ವ್ಯಾಪಾರಿಗೆ ಆದ ನಷ್ಟವನ್ನು ರೂಪಾಯಿಯಲ್ಲಿ ಎಣಿಸಬಹುದು. ಜಾತ್ರೆಯ ಮಗುವಿಗೆ ಒಬ್ಬ ನೆರೆಯವನ ಮುಖ ಕಾಣದೆ ಹೋದದ್ದನ್ನು ಯಾವುದರಲ್ಲಿ ಎಣಿಸೋಣ?

ನೆರೆಯವರ ಮುಖ ಕಾಣದ ಮಕ್ಕಳಿಗೆ ನೆರೆಯವರ ಧರ್ಮದ ಬಗ್ಗೆ ಏನೂ ತಿಳಿಯುವುದಿಲ್ಲ ಎಂದಲ್ಲ. ಬೇಕಾದ್ದಕ್ಕಿಂತ ಹೆಚ್ಚು 'ತಿಳಿಯುತ್ತದೆ'. ಕೈಯಲ್ಲಿನ ಫೋನಿನ ತುಂಬ ಅದೇ. ಹಿಂದೂಗಳು ಏನು ನಂಬುತ್ತಾರೆಂದು ಮುಸ್ಲಿಂ ಹುಡುಗನಿಗೆ ಮುಸ್ಲಿಂ ಭಾಷಣಕಾರ ಹೇಳುತ್ತಾನೆ, ಮುಸ್ಲಿಮರು ಏನು ನಂಬುತ್ತಾರೆಂದು ಹಿಂದೂ ಹುಡುಗನಿಗೆ ಹಿಂದೂ ಭಾಷಣಕಾರ ಹೇಳುತ್ತಾನೆ. ಗಲ್ಲಿಯ ಭಾಷೆಯಲ್ಲಿ ಹೇಳುವುದಾದರೆ, ಹೊಡೆದವನು ನಿಂತಲ್ಲೇ ನಿಂತಿದ್ದಾನೆ, ಚೆಂಡನ್ನು ಬೇರೆ ಯಾರೋ ತಂದುಕೊಡುತ್ತಿದ್ದಾರೆ. ಅದು ಇವನ ಚೆಂಡೇ ಹೌದೋ ಅಲ್ಲವೋ ಎಂದು ನೋಡುವವರಿಲ್ಲ. ಪ್ರಶ್ನೆ ನಮ್ಮದಾಗಿದ್ದರೆ ಗೇಟಿನ ತನಕ ಹೋಗುವ ಕಷ್ಟವೂ, ಬೈಸಿಕೊಳ್ಳುವ ಅಳುಕೂ ನಮ್ಮದೇ ಆಗಬೇಕಲ್ಲವೇ?

ಹಾಗೆ ಹೋದವರಿದ್ದಾರೆ. ಅಲ್‌ಬೀರೂನಿ ಸಂಸ್ಕೃತ ಕಲಿತು, ಪಂಡಿತರ ಬಳಿ ಕುಳಿತು, ಸುಮಾರು 1030ರಲ್ಲಿ ಭಾರತದ ಬಗ್ಗೆ ತನ್ನ ದೊಡ್ಡ ಗ್ರಂಥವನ್ನು ಮುಗಿಸಿದ. ಅದು ವಾದ ಗೆಲ್ಲಲು ಬರೆದ ಪುಸ್ತಕವಲ್ಲ, ಹಿಂದೂಗಳು ಹೇಳುವುದನ್ನು ಅವರು ಹೇಳಿದಂತೆಯೇ ಮುಂದಿಡುವ ಪುಸ್ತಕ ಎಂದು ಆರಂಭದಲ್ಲೇ ಸ್ಪಷ್ಟಪಡಿಸಿದ. ಪತಂಜಲಿಯನ್ನು ಅರಬಿಗೆ ತಂದ. ಟೀಕಿಸಬೇಕಾದಲ್ಲಿ ಟೀಕಿಸಿಯೂ ಇದ್ದಾನೆ. ಮುಸ್ಲಿಮನಾಗಿ ಹೋದ, ಮುಸ್ಲಿಮನಾಗಿಯೇ ಉಳಿದ. ಆತನನ್ನು ಕಳಿಸಿದ್ದು ಸುಲ್ತಾನ್ ಮಹಮೂದನ ದಂಡಯಾತ್ರೆಗಳ ಕಾಲ ಎಂಬುದನ್ನೂ ಮರೆಯಬಾರದು. ಸೈನಿಕರು ಬಂದ ದಾರಿಯಲ್ಲೇ ಒಬ್ಬ ವಿದ್ಯಾರ್ಥಿಯೂ ಬಂದಿದ್ದ.

ಇನ್ನೊಬ್ಬರ ಪ್ರಾರ್ಥನೆಯ ಮುಂದೆ ಕುತೂಹಲದಿಂದ ನಿಂತವನ ಸ್ಥಾನಕ್ಕೆ ಕನ್ನಡದಲ್ಲಿ ನಮಗೆ ಸರಿಹೊಂದುವ ಮಾತು 'ಆಟಕ್ಕುಂಟು ಲೆಕ್ಕಕ್ಕಿಲ್ಲ' ಎಂಬುದೇ. ದೊಡ್ಡವರು ಅದನ್ನು ಅವಮಾನದ ಮಾತಾಗಿ ಬಳಸುತ್ತಾರೆ. ಮಕ್ಕಳ ಬಾಯಲ್ಲಿ ಅದು ಕರುಣೆಯ ಮಾತು. ಪುಟ್ಟವನು ಓಡಬಹುದು, ಚೆಂಡು ಹಿಡಿಯಬಹುದು, ಎಲ್ಲರೊಂದಿಗೆ ಕೂಗಬಹುದು. ಅವನ ರನ್ನನ್ನು ಯಾರೂ ಬರೆದುಕೊಳ್ಳುವುದಿಲ್ಲ, ಅವನನ್ನು ತಮ್ಮ ತಂಡಕ್ಕೆ ಯಾರೂ ಎಳೆಯುವುದಿಲ್ಲ. ಗೋಪಾಲಸ್ವಾಮಿಯ ಮುಂದೆ ನಿಂತ ಮುಸ್ಲಿಂ ಹುಡುಗನಿಗೂ, ನಮಾಝಿನ ಸಾಲುಗಳ ಹಿಂದೆ ಗೋಡೆಗೊರಗಿ ಕುಳಿತ ಹಿಂದೂ ಹುಡುಗನಿಗೂ ಈ ರಿಯಾಯಿತಿ ಸಿಗಬೇಕು. ಅವನು ಅಲ್ಲಿ ಇದ್ದಾನೆ, ನೋಡುತ್ತಿದ್ದಾನೆ. ಅವನನ್ನು ನಮ್ಮ ಕಡೆಯ ಲೆಕ್ಕಕ್ಕೆ ಸೇರಿಸಿಕೊಳ್ಳುವ ಆತುರ ಆತಿಥೇಯರಿಗೆ ಬೇಡ, ಲೆಕ್ಕದಿಂದ ಕಳೆದುಹೋದನೆಂಬ ಗಾಬರಿ ಮನೆಯವರಿಗೆ ಬೇಡ. ದೊಡ್ಡವನಾದ ಮೇಲೆ ತನ್ನ ಲೆಕ್ಕವನ್ನು ಅವನೇ ಕೊಡಬೇಕಾಗುತ್ತದೆ. ಅಲ್ಲಿ ಅಪ್ಪನಾಗಲಿ, ಇಮಾಮರಾಗಲಿ, ಅರ್ಚಕರಾಗಲಿ ಪರವಾಗಿ ಬ್ಯಾಟು ಹಿಡಿಯುವಂತಿಲ್ಲ.

ಉಳಿದದ್ದು ಚೆಂಡು ಬಿದ್ದ ಮನೆಯವರ ವಿಷಯ. ಎಲ್ಲ ಬೀದಿಗಳಲ್ಲೂ ಎರಡು ಬಗೆಯ ಮನೆಗಳಿರುತ್ತವೆ. ಒಂದರಲ್ಲಿ ಚೆಂಡು ಒಳಗೆ ಬಿದ್ದರೆ ಈಳಿಗೆಮಣೆಯಲ್ಲಿ ಎರಡು ಹೋಳು ಮಾಡಿ ಹೊರಗೆಸೆಯುತ್ತಾರೆ. ಇನ್ನೊಂದರಲ್ಲಿ ಕಿಟಕಿಯ ಗಾಜು ಒಡೆದದ್ದಕ್ಕೆ ಚೆನ್ನಾಗಿ ಬೈದು, ಮೆಟ್ಟಿಲ ಮೇಲೆ ಕೂರಿಸಿ, ನೀರು ಕೊಟ್ಟು, ಯಾರ ಮಗನಪ್ಪಾ ನೀನು ಎಂದು ಕೇಳುತ್ತಾರೆ. ಮೊದಲನೆಯ ಮನೆಯ ಮುಂದೆ ಮಕ್ಕಳು ಆಡುವುದನ್ನು ನಿಲ್ಲಿಸುತ್ತಾರೆ, ಬೀದಿ ನಿಶ್ಶಬ್ದವಾಗುತ್ತದೆ, ಮನೆಯವರಿಗೆ ನೆಮ್ಮದಿಯೂ ಆಗುತ್ತದೆ. ಎರಡನೆಯ ಮನೆಗೆ ಮರುದಿನವೂ ಚೆಂಡು ಬರುತ್ತದೆ. ಅದು ಆಕಸ್ಮಿಕವಾಗಿ ಬಂದದ್ದೋ, ಹುಡುಗ ಬೇಕೆಂದೇ ಆ ಕಡೆಗೆ ಹೊಡೆದದ್ದೋ ಎಂದು ಆ ಮನೆಯ ಅಜ್ಜಿ ವಿಚಾರಿಸುವುದಿಲ್ಲ.